ಒಳಗೆಳೆದ ಹೌದು

ಇಪ್ಪತ್ತನಾಲ್ಕು ಕುರ್ಚಿ, ಇಪ್ಪತ್ತನಾಲ್ಕು ಹೆಡ್‌ಫೋನು.
ಕಿಟಕಿಯಾಚೆ ಉಮಿಯೊ ಪೇಟೆಯ ಬೋಳು ಬರ್ಚ್ ಮರಗಳು.
ಫೆಬ್ರವರಿ; ಮಧ್ಯಾಹ್ನ ಮೂರಕ್ಕೇ ದೀಪ.

ನನ್ನ ಕೆಲಸ ಭಾಷೆಯದಲ್ಲ, ಭಾಷೆ ಹರಿಯುವ ವೈರಿನದು.
ಯಾವ ಮೇಷ್ಟರಿಗೆ ಯಾವ ಗುಂಡಿ ಕೈಕೊಟ್ಟಿತೋ
ಓಡಿಹೋಗಿ ಪಕ್ಕದಲ್ಲಿ ನಿಲ್ಲುವುದು,
ಮೌಸನ್ನು ಅವರ ಕೈಯಿಂದ ಕಿತ್ತುಕೊಳ್ಳದೆ ಇರುವುದು.
ಎರಡನೆಯದೇ ಕಷ್ಟ.

ಸೊಲ್ವೈಗ್ ದಕ್ಷಿಣದವರು, ಸ್ಕೋನೆ ಸೀಮೆಯ ಗಂಟಲು.
ಮೂವತ್ತು ವರ್ಷ ಕ್ಯಾಸೆಟ್ಟಿನಲ್ಲಿ ಪಾಠ ಹೇಳಿ
ಟೇಪು ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತಿದವರು.
"ಇದಕ್ಕೆ ಪೆನ್ಸಿಲು ಎಲ್ಲಿ ತೂರಿಸುವುದು, ಎಸ್ಕಿಲ್?"

ಹೇಳಿಕೊಟ್ಟೆ:
ಇದು ಅಭ್ಯಾಸ, ಇದು ಪರೀಕ್ಷೆ, ಬೆರೆಸಬೇಡಿ.
ಅಭ್ಯಾಸದಲ್ಲಿ ಎಷ್ಟು ಸಲ ಬೇಕಾದರೂ ಅಳಿಸಬಹುದು,
ಪರೀಕ್ಷೆಯಲ್ಲಿ ಮಾತು ಒಡೆದ ಮುತ್ತು.
ಹಸಿರು ಒತ್ತಿದರೆ ಇಪ್ಪತ್ತನಾಲ್ಕು ಬಾಯಿ
ಒಟ್ಟಿಗೇ ತೆರೆಯುತ್ತವೆ, ಒಬ್ಬರದು ಒಬ್ಬರಿಗೆ ಕೇಳದು.
ಮೌನವನ್ನೆಲ್ಲ ಯಂತ್ರ ತಾನೇ ಕತ್ತರಿಸಿ ಎಸೆಯುತ್ತದೆ,
ನಿಮಗೆ ಸಂಜೆ ಉಳಿಯುತ್ತದೆ.

ಆ ಕೊನೆಯ ಮಾತನ್ನು ಹೆಮ್ಮೆಯಿಂದಲೇ ಹೇಳಿದ್ದೆ.

ಗುರುವಾರ ಮೌಖಿಕ ಪರೀಕ್ಷೆ.
ಅಲೆಪ್ಪೊದ ಬಡಗಿ, ಹಣ್ಣು ಕೀಳಲು ಬಂದು ಇಲ್ಲೇ ನಿಂತ ಥಾಯ್ ಹೆಂಗಸು,
ಇಬ್ಬರು ಉಕ್ರೇನಿ ಅಕ್ಕತಂಗಿಯರು...
ಎಲ್ಲರೂ ಸ್ವೀಡಿಷ್ ಸುರಿದರು; ಕೋಣೆ ಜೇನುಹುಟ್ಟು.
ಹದಿನೇಳನೇ ಕುರ್ಚಿಯಲ್ಲಿ ಲೆತೆಬ್ರಾನ್, ಎರಿಟ್ರಿಯದವಳು,
ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ನೇರ ಬಂದವಳು.

ಸಂಜೆ ಪರದೆಯ ಮೇಲೆ ಅವಳ ಸಾಲಿನುದ್ದಕ್ಕೂ ಕೆಂಪು:
ಉತ್ತರವಿಲ್ಲ. ಉತ್ತರವಿಲ್ಲ. ಮೂರನೆಯದಕ್ಕೆ ಒಂದು ವಾಕ್ಯ.
ಉತ್ತರವಿಲ್ಲ.
ಸೊಲ್ವೈಗ್ ಕನ್ನಡಕ ತೆಗೆದಿಟ್ಟರು.
"ತರಗತಿಯಲ್ಲಿ ಮಾತಾಡುತ್ತಾಳಲ್ಲ!
ಹೆದರಿದಳೋ, ನಿನ್ನ ಯಂತ್ರ ಕೆಟ್ಟಿತೋ?"

ಯಂತ್ರ ಕೆಟ್ಟಿಲ್ಲ ಅನ್ನುವುದು ನಮ್ಮ ಕುಲಧರ್ಮ.
ಆದರೂ ಕತ್ತರಿ ಬೀಳದ ಮೂಲ ಕಡತ ತೆಗೆದೆ.
"ನೀವು ಈ ಊರಿನಲ್ಲಿ ಕೆಲಸ ಮಾಡುತ್ತೀರಾ?"
ಸೊಲ್ವೈಗರದೇ ದನಿ. ಆಮೇಲೆ ಬಯಲು.
ಬಯಲಿನಲ್ಲಿ ಒಂದು ಚಿಕ್ಕ ಮುಳ್ಳು.
ಸದ್ದು ಏರಿಸಿದೆ. ಇನ್ನೂ ಏರಿಸಿದೆ.
ಶ್ಶುಪ್.

ತುಟಿ ಚೂಪು ಮಾಡಿ ಗಾಳಿ ಒಳಗೆಳೆದದ್ದು.
ನಮ್ಮಪ್ಪ ಅಷ್ಟರಲ್ಲೇ ಇಡೀ ಸಂಸಾರ ನಡೆಸಿದ:
ಕಾಫಿ ಬೇಕೆ? ಶ್ಶುಪ್.
ದಾರಿಯ ಹಿಮ ಬಳಿದಾಯಿತೆ? ಶ್ಶುಪ್.
ಹೂಂ ಅನ್ನುವಷ್ಟು ಗಾಳಿಯನ್ನೂ
ಹೊರಗಿನ ಚಳಿಗೆ ಕೊಡದವರು ನಾವು.
ಉತ್ತರವಿಲ್ಲವೆಂದಿತ್ತು ಯಂತ್ರ;
ಅದು ಉತ್ತರದ ಉತ್ತರ.
ಹೊರಬಿಟ್ಟ ಉಸಿರಷ್ಟೇ ಮಾತು ಎಂದು
ಅದಕ್ಕೆ ಗೆರೆ ಎಳೆದುಕೊಟ್ಟವನು ನಾನೇ,
ಇಲ್ಲೇ ಹುಟ್ಟಿದವನು.

"ಮುದುಕರ ಜೊತೆ ಇದ್ದು ನಿಮ್ಮ ಕಡೆಯ ರೂಢಿ ಹತ್ತಿದೆ," ಅಂದರು ಸೊಲ್ವೈಗ್.
ನನಗೂ ಎದೆಯುಬ್ಬಿತು, ಸುಳ್ಳೇಕೆ.

ಸೋಮವಾರ ಕೇಳಿದೆವು.
ಲೆತೆಬ್ರಾನ್ ನಮ್ಮಿಬ್ಬರನ್ನೂ
ಲೆಕ್ಕ ತಪ್ಪಿದ ಮಕ್ಕಳನ್ನು ನೋಡುವ ಹಾಗೆ ನೋಡಿದಳು.
"ಇದು ನಿಮ್ಮದಲ್ಲ, ನಮ್ಮಮ್ಮನದು.
ಕೆರೆನ್‌ನಲ್ಲಿ ಕಾಫಿಬೀಜ ಹುರಿಯುತ್ತ ಅವಳು
ಹೌದು ಅನ್ನುತ್ತಿದ್ದದ್ದೇ ಹೀಗೆ, ಗಂಟಲಿನಿಂದ.
ಇಲ್ಲಿಯವರದು ತುಟಿಯಿಂದ, ಅಷ್ಟೇ.
ಮೊದಲ ರಾತ್ರಿಪಾಳಿ, ನನಗೆ ನಾಲ್ಕು ಪದ ಬರುತ್ತಿರಲಿಲ್ಲ.
ಎಡ್ಲಾ ಅಜ್ಜಿಗೆ ಲೋಟ ತೋರಿಸಿ ಬೇಕೆ ಅಂತ ಹುಬ್ಬೇರಿಸಿದೆ.
ಅವಳು ಉಸಿರು ಎಳೆದುಕೊಂಡಳು.
ನೀರು ಕೊಡುವುದು ಮರೆತು
ಲೋಟ ಹಿಡಿದುಕೊಂಡೇ ಕೂತುಬಿಟ್ಟೆ."

ಗೆರೆ ಕೆಳಗಿಳಿಸಿದ್ದೇನೆ.
ಈಗ ಕಡತಗಳಲ್ಲಿ ಕುರ್ಚಿಯ ಕಿರುಗು, ಮೂಗಿನ ಸೊರಸೊರ,
ಹೀಟರಿನ ಗೊಣಗು, ಯಾರದೋ ಹೊಟ್ಟೆಯ ಗುಡುಗು.
ಸೊಲ್ವೈಗರಿಗೆ ಸಂಜೆ ಉಳಿಯುವುದಿಲ್ಲ.
ಏಳು ಗಂಟೆಗೂ ಹೆಡ್‌ಫೋನು ತೊಟ್ಟು ಕೂತಿರುತ್ತಾರೆ.

ನಿನ್ನೆ ಬೀಗ ಹಾಕಲು ಹೋದವನು ಭುಜ ತಟ್ಟಿ ಕೇಳಿದೆ:
ಉಳಿಸುವ ಗುಂಡಿ ಒತ್ತಿದಿರಾ?
ನನ್ನತ್ತ ತಿರುಗಿದರು. ತುಟಿ ಚೂಪಾಯಿತು.
ಗಾಳಿಯನ್ನೇನೋ ಎಳೆದರು.

ಸಿಳ್ಳೆ ಬಂತು.